ಹಾಳೆ ಬಂಡಿ ಸೀಳದಿರಲು
ಮಕ್ಕಳನ್ನು ಕೂರಿಸಿ ಎಳೆಯಲು ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದಲ್ಲಿರುವ ಅಗಲವಾದ ಪೊರೆ) ತಂದರೆ, ಮೊದಲು ಅದನ್ನು 15–20 ನಿಮಿಷ ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಒರೆಸಿ, ಆಮೇಲೆ ಬಂಡಿ ಮಾಡಿ. ಒಣಗಿದ ಹಾಳೆ ನಾರಿನ ಉದ್ದಕ್ಕೂ ಟಪ್ಪೆಂದು ಸೀಳುತ್ತದೆ. ನೀರು ಕುಡಿದ ಹಾಳೆ ಚರ್ಮದ ಹಾಗೆ ಬಾಗುತ್ತದೆ, ಅದರ ಅಂಚು ಮಗುವಿನ ತೊಡೆಗೆ ಗೀರುವುದಿಲ್ಲ. ಹಾಳೆ ತಟ್ಟೆ ಮಾಡುವವರು ಅಚ್ಚಿಗೆ ಹಾಕುವ ಮುನ್ನ ನೆನೆಸುವುದೂ ಇದಕ್ಕಾಗಿಯೇ. ಹಾಳೆಗೆ ಅಂಟಿಕೊಂಡಿರುವ ಸೋಗೆಯ ಗರಿಗಳನ್ನು ಸವರಿ ದಂಟನ್ನು ಎರಡು ಅಡಿಯಷ್ಟು ಉಳಿಸಿಕೊಂಡರೆ ಅದೇ ಹಿಡಿ, ಹಗ್ಗ ಬೇಕಿಲ್ಲ. ಮಗು ನಿಮ್ಮ ಕಡೆಗೆ ಮುಖ ಮಾಡಿ, ದಂಟಿನ ಬುಡವನ್ನು ಎರಡೂ ಕೈಯಿಂದ ಹಿಡಿದು ಕೂರಲಿ. ಜಗ್ಗಿ ಎಳೆದರೆ ಹಿಂದಕ್ಕೆ ಬಿದ್ದು ತಲೆ ಬಡಿಯುತ್ತದೆ, ಆದ್ದರಿಂದ ನಿಧಾನವಾಗಿ ಹೊರಡಿ. ಆಷಾಢದ ಮಳೆ ಬಿಡದೆ ಹೊಯ್ಯುವಾಗ ನುಣುಪು ಕೆಂಪು ನೆಲದ ಜಗುಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒರಟು ಸಿಮೆಂಟಿನ ಮೇಲೆ ಮಾತ್ರ ಹಾಳೆ ಬೇಗ ಸವೆದು ತೂತು ಬೀಳುತ್ತದೆ, ನೆನೆಸಿದ್ದೂ ವ್ಯರ್ಥ. ಕಪ್ಪು ಬೂಸ್ಟು ಹಿಡಿದ ಹಾಳೆಯನ್ನು ಮನೆಯೊಳಗೆ ತರಲೇಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಏಳೆಂಟು ವರ್ಷದ ಅಣ್ಣಂದಿರು ತಾವೂ ಕೂರುತ್ತೇವೆಂದು ಹಟ ಹಿಡಿಯುತ್ತಾರೆ. ಅವರಿಗೆ ಎಳೆಯುವ ಕೆಲಸ ಕೊಡಿ.