ಪುಣೆಯ ಗರಸು ನೆಲದಲ್ಲಿ ಸಣ್ಣ ಗೋಣಿಸೊಪ್ಪು ಹಬ್ಬಿಸಿದ್ದು

ಪುಣೆಯ ಟೇಕಡಿಗಳ, ಅಂದರೆ ಗುಡ್ಡಗಳ, ಬುಡದಲ್ಲಿ ಮನೆ ಇರುವವರಿಗೆ ಗೊತ್ತು, ಸಲಿಕೆ ಗೇಣುದ್ದ ಇಳಿಯುವ ಮೊದಲೇ ಕಪ್ಪು ಕಲ್ಲಿಗೆ ಬಡಿಯುತ್ತದೆ. ಮೇಲಿರುವುದು ಬರೀ ಗರಸು, ಸಣ್ಣ ಕಲ್ಲು ಬೆರೆತ ಮಣ್ಣು. ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಂಥ ಕಡೆ ಲಾನ್ ಹಾಕಿ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ನಾನು ಹಾಕಿದ್ದು ಸಣ್ಣ ಗೋಣಿಸೊಪ್ಪು, ಪೋರ್ಚುಲಾಕಾ ಕ್ವಾಡ್ರಿಫಿಡಾ. ಇಲ್ಲಿನ ಸಂತೆಯಲ್ಲಿ ಘೋಳ್ ಅಂತ ಕಟ್ಟು ಕಟ್ಟಿ ಮಾರುತ್ತಾರಲ್ಲ, ಆ ದೊಡ್ಡ ಗೋಣಿಸೊಪ್ಪಿನ ತಂಗಿ ಇದ್ದ ಹಾಗೆ. ಸಣ್ಣದು ನೆಲಕ್ಕೇ ಅಂಟಿಕೊಂಡು ಗೆಣ್ಣುಗಳಲ್ಲೂ ಬೇರು ಬಿಡುತ್ತದೆ, ನಮಗೆ ಬೇಕಿರುವ ಗುಣ ಅದೇ. ಗೆಣ್ಣಿನಲ್ಲಿ ಬಿಳಿ ಕೂದಲು, ಎದುರುಬದುರು ಎಲೆ, ನಾಲ್ಕು ಎಸಳಿನ ಹಳದಿ ಹೂ ನೋಡಿ ಗುರುತಿಸಿ. ಮುರಿದಾಗ ಹಾಲು ಬಂದರೆ ಅದು ಬೇರೆ ಗಿಡ. ನರ್ಸರಿಯಲ್ಲಿ ಕೇಳಿದರೆ ಇದೇ ಕುಲದ ಹೂಗಿಡ ಟೇಬಲ್ ರೋಸ್ ಕೊಡುತ್ತಾರೆ, ಅದು ದಕ್ಷಿಣ ಅಮೆರಿಕದ್ದು. ನನಗೆ ಬೇಕಿದ್ದದ್ದು ಪಾರ್ಕಿಂಗ್‌ನ ಪೇವರ್ ಸಂದಿಯಲ್ಲೇ ಇತ್ತು, ತೋಟದ ಮಾಳಿ ಅದನ್ನು ಕಳೆ ಅಂತ ಕಿತ್ತು ಎಸೆಯುತ್ತಿದ್ದರು.

ಮೊದಲ ಮಳೆ ಬಿದ್ದು ನೆಲ ತಂಪಾದ ಮೇಲೆ ತುಂಡುಗಳನ್ನು ಕತ್ತರಿಸಿ, ನೆರಳಲ್ಲಿ ಸ್ವಲ್ಪ ಬಾಡಿಸಿ, ಗೇಣಿಗೊಂದರಂತೆ ಗೆಣ್ಣು ಗರಸಿಗೆ ತಾಗುವ ಹಾಗೆ ಮಲಗಿಸಿ, ಕೊಚ್ಚಿ ಹೋಗದಿರಲಿ ಅಂತ ಮೇಲೊಂದು ಸಣ್ಣ ಕಲ್ಲು ಇಟ್ಟೆ. ಗೊಬ್ಬರ ಹಾಕಲಿಲ್ಲ. ಎಲ್ಲರೂ ಹೇಳುವ ಹಾಗೆ ಕಪ್ಪು ಮಣ್ಣು ತಂದು ಸುರಿಯಲೂ ಇಲ್ಲ. ಕಪ್ಪು ಮಣ್ಣು ನೀರು ಹಿಡಿಯುತ್ತದೆ, ಈ ರಸಭರಿತ ಕಾಂಡ ಕೊಳೆಯುತ್ತದೆ, ಜೊತೆಗೆ ಹುಲ್ಲು ಜಾಸ್ತಿ ಬಂದು ಇದನ್ನು ಮುಚ್ಚಿಬಿಡುತ್ತದೆ. ಬಡ ನೆಲವೇ ಇದಕ್ಕೆ ಬಲ, ದಯವಿಟ್ಟು ಅದನ್ನು ಸುಧಾರಿಸಲು ಹೋಗಬೇಡಿ. ನೀರು ಹರಿದು ಹೋಗಲು ಸ್ವಲ್ಪ ಇಳಿಜಾರು ಇದ್ದರೆ ಸಾಕು.

ನಿಜವಾದ ಕೆಲಸ ಇರುವುದು ಜುಲೈ, ಆಗಸ್ಟ್‌ನಲ್ಲಿ. ಹುಲ್ಲು ಮತ್ತು ಕಾಂಗ್ರೆಸ್ ಗಿಡ ಎಳೆಯದಾಗಿರುವಾಗಲೇ ಕೀಳಬೇಕು, ಬೇರು ಕಲ್ಲಿನ ಸಂದಿಗೆ ಇಳಿದರೆ ಕೈಗೆ ಬರೋದಿಲ್ಲ.

ಪೂರ್ತಿ ಬಿಸಿಲು ಬೇಕು. ಹೂ ಅರಳುವುದೂ ಬಿಸಿಲು ಏರಿದ ಮೇಲೇ. ಕಾಂಡ ಬೇಗ ಮುರಿಯುತ್ತದೆ, ಹಾಗಾಗಿ ಓಡಾಡುವ ದಾರಿಯಲ್ಲಿ ಚಪ್ಪಡಿ ಹಾಕಿಸಿದೆ. ಏಪ್ರಿಲ್, ಮೇನಲ್ಲಿ ಅಲ್ಲಲ್ಲಿ ಒಣಗಿ ನೆಲ ಕಾಣುತ್ತದೆ. ಸತ್ತೇಹೋಯ್ತು ಅಂತ ಅಗೆದು ಹಾಕಬೇಡಿ, ಪುಟ್ಟ ಕಪ್ಪು ಬೀಜಗಳು ಗರಸಿನೊಳಗೆ ಇರುತ್ತವೆ, ಮಳೆಗೆ ಮೊಳೆಯುತ್ತವೆ.

ತುದಿ ಚಿವುಟಿ ಹೆಸರುಬೇಳೆ ಹಾಕಿ ಪಲ್ಯ ಮಾಡಿದರೆ ಜೋಳದ ರೊಟ್ಟಿಗೆ ತುಂಬಾ ಚೆನ್ನಾಗಿರುತ್ತದೆ. ಈ ಸೊಪ್ಪಿನಲ್ಲಿ ಆಕ್ಸಲೇಟ್ ಇದೆ, ಕಿಡ್ನಿ ಕಲ್ಲಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತಿನ್ನಿ.