ಹಸುಗೂಸಿನ ನಿದ್ದೆಗೆಟ್ಟ ರಾತ್ರಿಗಳು: ಕಕ್ಕುವ ಹಾಲಿಗೆ ಹೆದರುವ ಮೊದಲು ಮಾಡಬೇಕಾದದ್ದೇನು?

ರಾತ್ರಿ ಎರಡೂಕಾಲು. ಹಾಲು ಕುಡಿದು ಕಣ್ಣು ಮುಚ್ಚಿದ ಮಗುವನ್ನು ಉಸಿರು ಬಿಗಿಹಿಡಿದು ಮಲಗಿಸಿದ್ದೀರಿ. ಕೈ ಹಿಂದಕ್ಕೆ ತೆಗೆದು ಅರ್ಧ ನಿಮಿಷವಾಗಿಲ್ಲ, ಮಗು ಮುಖ ಕಿವುಚುತ್ತದೆ, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಬಿಲ್ಲಿನಂತೆ ಬೆನ್ನು ಬಾಗಿಸುತ್ತದೆ. ಕಟವಾಯಿಯಿಂದ ಹಾಲು ಇಳಿದು ಕಿವಿಯ ಹಿಂದೆ ಸೇರುತ್ತದೆ. ಆಮೇಲೆ ಅಳು. ನಮ್ಮ ಮನೆಯಲ್ಲಿ ಮೂರನೆಯ ವಾರದಿಂದ ಹೆಚ್ಚುಕಡಿಮೆ ಎಲ್ಲ ರಾತ್ರಿಗಳೂ ಹೀಗೆಯೇ ಇದ್ದವು. ಮೊಬೈಲ್‌ನಲ್ಲಿ ಹುಡುಕಿದಾಗ ‘ರಿಫ್ಲಕ್ಸ್’ ಎಂಬ ಪದ ಸಿಕ್ಕಿತು, ಅಂದರೆ ಹೊಟ್ಟೆಗಿಳಿದದ್ದು ಮತ್ತೆ ಮೇಲೆ ಬರುವುದು. ಪದ ಸಿಕ್ಕ ಕೂಡಲೇ ಮಗುವಿಗೆ ಕಾಯಿಲೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಹಾಗೆ ಅವಸರ ಮಾಡಬಾರದಿತ್ತು. ಮೊದಲು ಮಗುವನ್ನು ನೋಡಬೇಕು, ಬರೆದಿಡಬೇಕು, ತೂಗಬೇಕು. ಔಷಧದ ಮಾತು ಅದಾದ ಮೇಲೆ.

ಹಾಲು ಮೇಲೆ ಬರುವುದೇಕೆ?

ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಬಳೆಯಂಥ ಒಂದು ಸ್ನಾಯುವಿದೆ. ಆಹಾರ ಕೆಳಗಿಳಿಯುವಾಗ ಅದು ತೆರೆದುಕೊಳ್ಳಬೇಕು, ಇಳಿದ ಮೇಲೆ ಮುಚ್ಚಿಕೊಳ್ಳಬೇಕು. ಹಸುಗೂಸಿನಲ್ಲಿ ಅದಿನ್ನೂ ಬಲಿತಿರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾಗುತ್ತದೆ. ಹುಟ್ಟಿದ ಮೊದಲ ದಿನ ಮಗುವಿನ ಹೊಟ್ಟೆ ಹಿಡಿಸುವುದು ಒಂದೆರಡು ಚಮಚ ಹಾಲನ್ನಷ್ಟೇ. ಅಷ್ಟು ಪುಟ್ಟ ಹೊಟ್ಟೆ, ಬರೀ ದ್ರವ ಆಹಾರ, ದಿನವಿಡೀ ಮಲಗಿರುವ ದೇಹ ಎಲ್ಲವೂ ಸೇರಿದರೆ ಹಾಲು ಮೇಲೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ಇದು ಹೆಚ್ಚಾಗಿ, ಮಗು ಕೂರಲು ಕಲಿಯುತ್ತಿದ್ದಂತೆ ಕಡಿಮೆಯಾಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವ ಹೊತ್ತಿಗೆ ಪೂರ್ತಿ ನಿಲ್ಲುತ್ತದೆ.

ಕಕ್ಕಿದರೂ ನಗುತ್ತ, ತೂಕ ಏರುತ್ತ ಇರುವ ಮಗುವಿಗೆ ಚಿಕಿತ್ಸೆ ಬೇಕಿಲ್ಲ. ಮೇಲೆ ಬಂದ ಆಮ್ಲದಿಂದ ಅನ್ನನಾಳ ಉರಿದು ಮಗು ಹಾಲನ್ನೇ ಒಲ್ಲೆನೆಂದರೆ, ತೂಕ ನಿಂತರೆ, ಉಸಿರಾಟಕ್ಕೆ ತೊಂದರೆಯಾದರೆ ಆಗ ಅದು ರಿಫ್ಲಕ್ಸ್ ಕಾಯಿಲೆ. ಎರಡಕ್ಕೂ ಹೆಸರು ಒಂದೇ ಬಗೆಯದಾಗಿರುವುದರಿಂದಲೇ ಗೊಂದಲವಾಗುವುದು.

ಹೆಜ್ಜೆ 1: ಮಗು ನಿಜವಾಗಿ ಎಚ್ಚರವಾಗಿದೆಯೇ?

ನವಜಾತ ಶಿಶು ದಿನದಲ್ಲಿ 14ರಿಂದ 17 ಗಂಟೆ ನಿದ್ರಿಸುತ್ತದೆ, ಆದರೆ ಎರಡು ಮೂರು ಗಂಟೆಗಳ ತುಂಡುಗಳಲ್ಲಿ. ಅದರಲ್ಲಿ ಅರ್ಧದಷ್ಟು ಚಂಚಲ ನಿದ್ದೆ. ಆಗ ಮಗು ಮುಲುಗುತ್ತದೆ, ತಿಣುಕುತ್ತದೆ, ಕೈಕಾಲು ಕೊಡವುತ್ತದೆ, ರೆಪ್ಪೆಯ ಕೆಳಗೆ ಕಣ್ಣು ಓಡಾಡಿಸುತ್ತದೆ, ಒಮ್ಮೊಮ್ಮೆ ಸಣ್ಣಗೆ ಕೂಗುತ್ತದೆ ಕೂಡ. ನೋಡುವವರಿಗೆ ಹೊಟ್ಟೆನೋವಿನಂತೆಯೇ ಕಾಣುತ್ತದೆ. ಆ ಕ್ಷಣ ಎತ್ತಿಕೊಂಡರೆ ನಿದ್ರಿಸುತ್ತಿದ್ದ ಮಗುವನ್ನು ನಾವೇ ಎಬ್ಬಿಸಿದಂತೆ. ಸದ್ದು ಕೇಳಿದ ಕೂಡಲೇ ಎತ್ತಬೇಡಿ. ಹತ್ತಿರ ಹೋಗಿ, ದೀಪ ಹಾಕದೆ, ಒಂದೆರಡು ನಿಮಿಷ ನೋಡಿ. ಕಣ್ಣು ತೆರೆದು ಅಳು ಏರುತ್ತ ಹೋದರೆ ಎತ್ತಿಕೊಳ್ಳಿ. ಎಷ್ಟೋ ಸಲ ಅದು ಅಲ್ಲಿಗೇ ತಣ್ಣಗಾಗುತ್ತದೆ.

ಹೆಜ್ಜೆ 2: ನಾಲ್ಕು ದಿನ ಬರೆದಿಡಿ

ಒಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಇಷ್ಟು ಸಾಕು. ಹಾಲು ಕುಡಿದ ಹೊತ್ತು, ಕಕ್ಕಿದ್ದು ಯಾವಾಗ, ಎಷ್ಟು, ಯಾವ ಬಣ್ಣ, ಅತ್ತದ್ದು ಎಷ್ಟು ಹೊತ್ತು, ಒದ್ದೆಯಾದ ಡೈಪರ್ ಎಷ್ಟು: ಆರು ಕಲಂ ಎಳೆದುಕೊಳ್ಳಿ. ನಿದ್ದೆಗೆಟ್ಟ ತಲೆಗೆ ‘ರಾತ್ರಿಯಿಡೀ ಅತ್ತಿತು’ ಎನಿಸುತ್ತದೆ. ಬರೆದುಕೊಂಡಾಗ ನಮ್ಮ ಮಗು ಅತ್ತದ್ದು ಒಂದೂಮುಕ್ಕಾಲು ಗಂಟೆ, ಅದರಲ್ಲಿ ಹೆಚ್ಚಿನ ಪಾಲು ಸಂಜೆ ಏಳರಿಂದ ಒಂಬತ್ತರೊಳಗೆ.

‘ಎಷ್ಟು ಕಕ್ಕಿತು’ ಎಂಬುದನ್ನು ಅಂದಾಜಿಸುವುದರಲ್ಲಿ ಎಲ್ಲರೂ ತಪ್ಪುತ್ತಾರೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಹಾಲನ್ನು ಮಗುವಿನ ಹಳೆಯ ಬಟ್ಟೆಯ ಮೇಲೆ ಸುರಿಯಿರಿ. ಕಲೆ ನಿಧಾನವಾಗಿ ಹರಡುತ್ತದೆ, ಅಂಗೈಯನ್ನು ಮೀರುತ್ತದೆ, ಅಂಚು ಒದ್ದೆಯಾಗುತ್ತಲೇ ಹೋಗುತ್ತದೆ. ಕುಡಿದದ್ದೆಲ್ಲ ಹೊರಗೆ ಬಂತು ಎಂದು ನಾನು ಗಾಬರಿಯಾಗಿದ್ದ ಕಲೆ ಒಂದು ಚಮಚದ ಕಲೆಗಿಂತ ಚಿಕ್ಕದಾಗಿತ್ತು.

ಅಳುವಿನ ಬಗ್ಗೆಯೂ ಒಂದು ಮಾತು. ಆರೋಗ್ಯವಂತ ಮಗುವಿನ ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆಯ ಹೊತ್ತಿನ ಸಂತೈಸಲಾಗದ ಅಳು ಈ ಏರಿಳಿತದ ಭಾಗ. ಅದನ್ನೂ ರಿಫ್ಲಕ್ಸ್ ಲೆಕ್ಕಕ್ಕೆ ಸೇರಿಸಿದರೆ ದಾರಿ ತಪ್ಪುತ್ತದೆ.

ಹೆಜ್ಜೆ 3: ತೂಕದ ಮಾತು ಕೇಳಿ

ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಎರಡು ವಾರದೊಳಗೆ ಮರಳಬೇಕು. ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಬೇಕು. ಐದನೆಯ ದಿನದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಡೈಪರ್ ಒದ್ದೆಯಾಗುತ್ತಿರಬೇಕು. ಇವೆರಡೂ ಸರಿಯಿದ್ದರೆ ಮಗುವಿನ ಹೊಟ್ಟೆಯಲ್ಲಿ ಸಾಕಷ್ಟು ಹಾಲು ನಿಲ್ಲುತ್ತಿದೆ ಎಂದೇ ಅರ್ಥ. ಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಕೊರಗಬೇಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ ತೂಗಿದರೆ ಸಾಕು.

ಹೆಜ್ಜೆ 4: ಹಾಲುಣಿಸುವ ರೀತಿಯನ್ನು ತಿದ್ದಿ, ಒಂದು ಸಲಕ್ಕೆ ಒಂದೇ ಬದಲಾವಣೆ

ಹೆಚ್ಚಿನ ಮನೆಗಳಲ್ಲಿ ಫಲ ಸಿಗುವುದು ಇಲ್ಲಿಯೇ, ಆದ್ದರಿಂದ ಅವಸರ ಬೇಡ. ಒಂದು ಬದಲಾವಣೆ ಮಾಡಿ, ಎರಡು ಮೂರು ದಿನ ನೋಡಿ, ನೋಟ್‌ಬುಕ್ ತಿರುವಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಬಂತೆಂದು ತಿಳಿಯುವುದಿಲ್ಲ.

ಎದೆಹಾಲು ಕುಡಿಯುವ ಮಗುವಾದರೆ ಮೊದಲು ಬಾಯಿ ನೋಡಿ. ಮೊಲೆತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡ ಮಗು ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತದೆ. ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ತಾಗಿರಬೇಕು. ಚಪ್ಪರಿಸುವ ಸದ್ದು ಕೇಳುತ್ತಿದ್ದರೆ ಹಿಡಿತ ಸಡಿಲವಿದೆ. ಕಿರುಬೆರಳಿನಿಂದ ಬಿಡಿಸಿ ಮತ್ತೆ ಹಚ್ಚಿ. ಹಾಲು ರಭಸವಾಗಿ ಬಂದು ಮಗು ಕೆಮ್ಮುತ್ತಿದ್ದರೆ ತಾಯಿ ಸ್ವಲ್ಪ ಹಿಂದಕ್ಕೊರಗಿ ಕುಳಿತುಕೊಂಡರೆ ಹರಿವು ಹತೋಟಿಗೆ ಬರುತ್ತದೆ.

ಬಾಟಲಿಯಾದರೆ ಲೆಕ್ಕ ಹಾಕಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಸಾಕಾಗುತ್ತದೆ. 4 ಕಿಲೋ ಮಗುವಿಗೆ ದಿನಕ್ಕೆ 600. ಎಂಟು ಸಲ ಕುಡಿದರೆ ಸಲಕ್ಕೆ 75. ಇದಕ್ಕಿಂತ ಬಹಳ ಹೆಚ್ಚು ಕುಡಿಸುತ್ತಿದ್ದರೆ ಕಕ್ಕುವುದಕ್ಕೆ ಕಾರಣ ಅಲ್ಲಿಯೇ ಇರಬಹುದು. ಪ್ರಮಾಣ ಕಡಿಮೆ ಮಾಡಿ, ಸಲಗಳನ್ನು ಹೆಚ್ಚಿಸಿ. ಬಾಟಲಿಯನ್ನು ನೆಟ್ಟಗೆ ಎತ್ತಿ ಸುರಿಯದೆ ಅಡ್ಡಲಾಗಿ ಹಿಡಿಯಿರಿ, ನಡುನಡುವೆ ಬಿಡುವು ಕೊಡಿ, ಮಗು ಮುಖ ತಿರುಗಿಸಿದರೆ ನಿಲ್ಲಿಸಿ. ಉಳಿದ ಹತ್ತು ಮಿಲಿಲೀಟರನ್ನು ಮುಗಿಸಲೇಬೇಕೆಂಬ ಹಟ ಬೇಡ.

ಕುಡಿಸುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ತೇಗು ಬರಿಸಿ. ಐದು ನಿಮಿಷದಲ್ಲಿ ತೇಗು ಬರದಿದ್ದರೆ ಬಿಟ್ಟುಬಿಡಿ. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ಎದೆಗೆ ಒರಗಿಸಿ ನೆಟ್ಟಗೆ ಎತ್ತಿಕೊಂಡಿರಿ. ಕಾರಿನ ಸೀಟಿನಲ್ಲಿ ಕೂರಿಸುವುದು ಇದಕ್ಕೆ ಬದಲಿಯಾಗದು. ಅದರಲ್ಲಿ ಮಗು ಕುಸಿದು ಕುಳಿತು ಹೊಟ್ಟೆ ಒತ್ತಿಹೋಗುವುದರಿಂದ ಹಾಲು ಇನ್ನೂ ಹೆಚ್ಚು ಮೇಲೆ ಬರುತ್ತದೆ. ಹೊಟ್ಟೆಯ ಸುತ್ತ ಡೈಪರ್ ಬಿಗಿಯಾಗಿದ್ದರೆ ಸಡಿಲಿಸಿ.

ಹೆಜ್ಜೆ 5: ಅಂಗಾತ, ಸಮತಟ್ಟಾಗಿ

ಈ ಹೆಜ್ಜೆಯಲ್ಲಿ ರಾಜಿಯಿಲ್ಲ. ಕಕ್ಕುವ ಮಗುವನ್ನು ಅಂಗಾತ ಮಲಗಿಸಿದರೆ ಹಾಲು ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಎಲ್ಲರಿಗೂ ಇದೆ. ದೇಹದ ರಚನೆ ಬೇರೆಯದನ್ನೇ ಹೇಳುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹತ್ತಬೇಕಾದರೆ ಏರಬೇಕು. ಬೋರಲು ಮಲಗಿಸಿದಾಗ ಇದು ತಿರುಗುಮುರುಗಾಗಿ ಹಾಲು ಶ್ವಾಸನಾಳದ ಬಾಯಲ್ಲೇ ನಿಲ್ಲುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸುವ ಅಭಿಯಾನ ಆರಂಭವಾದ ನಂತರದ ವರ್ಷಗಳಲ್ಲಿ ನಿದ್ದೆಯಲ್ಲಿನ ಹಠಾತ್ ಶಿಶು ಮರಣ ಅರ್ಧದಷ್ಟು ಇಳಿಯಿತು. ಹಾಲು ಉಸಿರಿಗೆ ಸಿಕ್ಕು ಸಾಯುವ ಮಕ್ಕಳ ಸಂಖ್ಯೆ ಏರಲಿಲ್ಲ.

ಹಾಸಿಗೆಯ ತಲೆಯ ಭಾಗವನ್ನು ಎತ್ತರಿಸುವುದು, ಇಳಿಜಾರು ದಿಂಬು ಇಡುವುದು, ಓರೆಯಾದ ಕುರ್ಚಿಯಲ್ಲಿ ಮಲಗಲು ಬಿಡುವುದು ಯಾವುದೂ ರಿಫ್ಲಕ್ಸ್ ಕಡಿಮೆ ಮಾಡುವುದಿಲ್ಲ. ಮಗು ಜಾರಿ, ಗದ್ದ ಎದೆಗೆ ಒತ್ತಿ ಉಸಿರು ಕಟ್ಟುವ ಅಪಾಯವಿದೆ. ಗಟ್ಟಿಯಾದ ಸಮತಟ್ಟು ಹಾಸಿಗೆ, ಬಿಗಿಯಾಗಿ ಹಾಸಿದ ಬಟ್ಟೆ, ದಿಂಬಿಲ್ಲ, ಗೊಂಬೆಯಿಲ್ಲ. ಮೊದಲ ಆರು ತಿಂಗಳಾದರೂ ನಿಮ್ಮ ಕೋಣೆಯಲ್ಲೇ, ತನ್ನದೇ ಹಾಸಿಗೆಯಲ್ಲಿ. ಎಲ್ಲಕ್ಕಿಂತ ಅಪಾಯದ ಜಾಗ ಸೋಫಾ. ನಡುರಾತ್ರಿ ಹಾಲುಣಿಸುತ್ತ ತೂಕಡಿಕೆ ಬರುವ ಸಂಭವವಿದ್ದರೆ ಸೋಫಾದ ಮೇಲೆ ಕೂರಲೇಬೇಡಿ.

ಹೆಜ್ಜೆ 6: ಹಗಲು ರಾತ್ರಿಯ ವ್ಯತ್ಯಾಸ ಕಲಿಸಿ

ಹಗಲಿನಲ್ಲಿ ಕಿಟಕಿ ತೆರೆದಿಡಿ, ಮಾತಾಡಿಸಿ. ರಾತ್ರಿ ಮಂದ ಬೆಳಕು, ಮೆಲುದನಿ, ಮಲ ಮಾಡಿದ್ದರಷ್ಟೇ ಡೈಪರ್ ಬದಲಾವಣೆ. ದೇಹದೊಳಗಿನ ಗಡಿಯಾರ ಎರಡರಿಂದ ನಾಲ್ಕು ತಿಂಗಳೊಳಗೆ ಓಡತೊಡಗುತ್ತದೆ. ಅದಕ್ಕೂ ಮೊದಲೇ ರಾತ್ರಿಯಿಡೀ ಮಲಗಲಿ ಎಂದು ನಿರೀಕ್ಷಿಸುವುದು ಮಗುವಿಗೂ ನಿಮಗೂ ಅನ್ಯಾಯ.

ಹೆಜ್ಜೆ 7: ಕಾಯದೆ ವೈದ್ಯರ ಬಳಿಗೆ

ವಾಂತಿ ಹಸಿರು ಬಣ್ಣದ್ದಾಗಿದ್ದರೆ, ಅದರಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಚೂರುಗಳಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರ ಬಂದರೂ ಅಷ್ಟೇ. ಉಸಿರು ನಿಂತು ನಿಂತು ಬರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಗಟ್ಟಿಯಾಗಿ ಊದಿದ ಹೊಟ್ಟೆ, ಎಂಟು ಗಂಟೆ ಕಳೆದರೂ ಒದ್ದೆಯಾಗದ ಡೈಪರ್ ಇವೂ ಇದೇ ಪಟ್ಟಿಯಲ್ಲಿವೆ.

ಇನ್ನೊಂದನ್ನು ಬೇರೆಯಾಗಿ ಹೇಳಬೇಕು. ಎರಡರಿಂದ ಎಂಟು ವಾರದ ಮಗು ಪ್ರತಿ ಸಲ ಕುಡಿದ ಮೇಲೂ ಚಿಮ್ಮುವಂತೆ ವಾಂತಿ ಮಾಡಿ, ಕೂಡಲೇ ಮತ್ತೆ ಹಸಿದು ಹುಡುಕಾಡಿದರೆ, ಜಠರದ ಕೆಳದ್ವಾರದ ಸ್ನಾಯು ದಪ್ಪಗಾಗಿ ಹಾಲು ಮುಂದಕ್ಕೆ ಹೋಗದಿರಬಹುದು. ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುವ ತೊಂದರೆಯಿದು. ತಡ ಮಾಡಿದಷ್ಟೂ ಮಗು ಬಳಲುತ್ತದೆ.

ಅವಸರವಿಲ್ಲದ, ಆದರೆ ವೈದ್ಯರಿಗೆ ತೋರಿಸಲೇಬೇಕಾದ ಸಂಗತಿಗಳು: ತೂಕ ಏರದಿರುವುದು, ಹಾಲು ಕಂಡರೆ ಅತ್ತು ದೂರ ಸರಿಯುವುದು, ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಆರದ ಗುಳ್ಳೆಗಳು. ಕೊನೆಯ ಎರಡು ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವುದರ ಲಕ್ಷಣವಾಗಿರಬಹುದು. ಅದು ರಿಫ್ಲಕ್ಸ್‌ನಂತೆಯೇ ಕಾಣುತ್ತದೆ. ವೈದ್ಯರು ಎರಡರಿಂದ ನಾಲ್ಕು ವಾರ ತಾಯಿಯ ಊಟದಿಂದ ಹಾಲಿನ ಪದಾರ್ಥ ಬಿಡಿಸಿ ಅಥವಾ ಮಗುವಿನ ಪುಡಿಹಾಲು ಬದಲಿಸಿ ನೋಡುತ್ತಾರೆ. ಹೋಗುವಾಗ ನೋಟ್‌ಬುಕ್ ಮರೆಯಬೇಡಿ. ಮೊಬೈಲ್‌ನಲ್ಲಿ ಮಗು ನರಳುವ ಒಂದು ವಿಡಿಯೊ ಕೂಡ ಇರಲಿ. ತೋರಿಸುವ ಹೊತ್ತಿಗೆ ಮಗು ಹಾಯಾಗಿ ನಿದ್ರಿಸುತ್ತಿರುತ್ತದೆ.

ಆಮ್ಲ ತಗ್ಗಿಸುವ ಔಷಧದಿಂದ ಕಕ್ಕುವುದು ನಿಲ್ಲುವುದಿಲ್ಲ. ಬೇರೆ ಮಗುವಿಗೆ ಬರೆದುಕೊಟ್ಟದ್ದನ್ನು ನಿಮ್ಮ ಮಗುವಿಗೆ ಹಾಕಬೇಡಿ. ಹಾಲನ್ನು ಗಟ್ಟಿ ಮಾಡಲು ಹಿಟ್ಟು ಬೆರೆಸುವುದೂ ವೈದ್ಯರ ಮಾತಿಲ್ಲದೆ ಬೇಡ, ಅವಧಿಗೆ ಮುನ್ನ ಹುಟ್ಟಿದ ಮಗುವಾದರಂತೂ ಬೇಡವೇ ಬೇಡ. ಒಂದು ವರ್ಷದೊಳಗೆ ಜೇನು ನೆಕ್ಕಿಸಬಾರದು, ಆರು ತಿಂಗಳೊಳಗೆ ನೀರು ಕುಡಿಸಬಾರದು.

ಹೆಜ್ಜೆ 8: ಎತ್ತಿಕೊಂಡವರ ಕೈಯೂ ಸೋಲುತ್ತದೆ

ರಾತ್ರಿಯನ್ನು ಪಾಳಿಗಳಾಗಿ ಹಂಚಿಕೊಳ್ಳಿ. ಒಂಬತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಏಳರವರೆಗೆ ಇನ್ನೊಬ್ಬರು. ಎದೆಹಾಲಾದರೂ ತೇಗು ಬರಿಸುವುದು, ನೆಟ್ಟಗೆ ಎತ್ತಿಕೊಳ್ಳುವುದು, ಬಟ್ಟೆ ಬದಲಿಸುವುದು ಇನ್ನೊಬ್ಬರ ಪಾಲಿಗಿರಲಿ. ಬಾಣಂತಿಗೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಕ್ಕರೂ ಮರುದಿನದ ಮುಖವೇ ಬೇರೆ. ಎರಡು ವಾರ ಕಳೆದರೂ ತಾಯಿಗೆ ಅಳು, ಹತಾಶೆ ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಕೇಳಲು ಸಂಕೋಚ ಬೇಡ.

ಅಳು ನಿಲ್ಲದೆ ನಿಮ್ಮ ತಾಳ್ಮೆ ಮುಗಿಯುತ್ತಿದೆ ಎನಿಸಿದ ಕ್ಷಣ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಹತ್ತು ನಿಮಿಷ ಹೊರಗೆ ಬನ್ನಿ. ಮಗುವನ್ನು ಎಂದೂ ಜಾಡಿಸಬಾರದು. ಕೆಲವು ಕ್ಷಣಗಳ ಜಾಡಿಸುವಿಕೆಯಿಂದಲೂ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಆ ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಮುಖ ತೊಳೆದುಕೊಳ್ಳಿ, ಮಲಗಿರುವವರನ್ನು ಎಬ್ಬಿಸಿ, ‘ಈಗ ನೀವು ನೋಡಿಕೊಳ್ಳಿ’ ಎಂದು ಹೇಳಿ.