ಬೀಳುವ ಬಾಟಲಿಯಲ್ಲಿ ಗಗನಯಾತ್ರಿಯ ಕಷ್ಟ ತೋರಿಸುವುದು ಹೇಗೆ?

‘ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ.’ ಶಾಲೆಗಳ ವಿಜ್ಞಾನ ಮೇಳದಲ್ಲಿ ಈ ತಪ್ಪು ಪದೇ ಪದೇ ಕೇಳಿಸುತ್ತದೆ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲೂ ನೆಲದ ಮೇಲಿನ ಗುರುತ್ವದ ಶೇ 90ರಷ್ಟು ಇದ್ದೇ ಇದೆ. ಹಾಗಾದರೆ ತೇಲುವುದು ಯಾಕೆ? ಒಂದು ಬಾಟಲಿ ಸಾಕು, ತೋರಿಸಬಹುದು.

1. ದಪ್ಪನೆಯ ಕೂಲ್‌ಡ್ರಿಂಕ್ಸ್ ಬಾಟಲಿಯನ್ನೇ ತಗೊಳ್ಳಿ. ತೆಳು ನೀರಿನ ಬಾಟಲಿ ಬೇಡ, ಹಿಡಿದರೇ ಅಮುಕಿಕೊಳ್ಳುತ್ತದೆ.

2. ಕಾಯಿಸಿದ ಮೊಳೆಯಿಂದ ತಳದ ಹತ್ತಿರ 4–5 ಮಿ.ಮೀ. ತೂತು ಮಾಡಿ. ಇದು ದೊಡ್ಡವರ ಕೆಲಸ. ತೂತಿಗೆ ಬೆರಳು ಒತ್ತಿ ನೀರು ತುಂಬಿಸಿ.

3. ಬೀಳಿಸುವುದು. ಎಲ್ಲರೂ ಎಡವುವುದು ಇಲ್ಲೇ. ಮುಚ್ಚಳ ತೆಗೆದಿರಲೇಬೇಕು. ಹಾಕಿದ್ದರೆ ಕೈಯಲ್ಲಿರುವಾಗಲೇ ನೀರು ನಿಲ್ಲುತ್ತದೆ, ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಬಾಟಲಿಯ ಕತ್ತನ್ನು ಎರಡೇ ಬೆರಳಲ್ಲಿ ಹಿಡಿಯಿರಿ. ತೂತಿನ ಬೆರಳು ತೆಗೆದು, ನೀರು ಚಿಮ್ಮುವುದನ್ನು ಎಲ್ಲರೂ ನೋಡಲಿ. ಈಗ ಸುಮ್ನೆ ಕೈಬಿಡಿ. ಕೆಳಕ್ಕೆ ತಳ್ಳಬೇಡಿ, ತಿರುಗಿಸಬೇಡಿ. ಎರಡು ಮೀಟರ್ ಎತ್ತರದಿಂದ ಬಿಟ್ಟರೂ ಸಿಗುವುದು ಸುಮಾರು 0.6 ಸೆಕೆಂಡ್ ಮಾತ್ರ. ಅದಕ್ಕೇ ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ.

ಬೀಳುವಷ್ಟು ಹೊತ್ತೂ ನೀರು ಹೊರಗೆ ಚಿಮ್ಮುವುದಿಲ್ಲ. ಬಾಟಲಿ, ನೀರು ಎರಡೂ ಒಟ್ಟಿಗೆ ಬೀಳುತ್ತಿರುವುದರಿಂದ ಮೇಲಿನ ನೀರು ಕೆಳಗಿನದನ್ನು ಒತ್ತುವುದೇ ಇಲ್ಲ. ನಿಲ್ದಾಣವೂ ಹೀಗೆಯೇ ಬೀಳುತ್ತಿದೆ. ಆದರೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಪಕ್ಕಕ್ಕೂ ಓಡುತ್ತಿರುವುದರಿಂದ ನೆಲಕ್ಕೆ ತಾಗದೆ ಭೂಮಿಯನ್ನು ಸುತ್ತುತ್ತದೆ.

4. ಇಲ್ಲಿಗೇ ನಿಲ್ಲಿಸಬೇಡಿ. ಬಾಟಲಿಯಲ್ಲಿ ಇಲ್ಲವಾದ ಆ ಒತ್ತಡ ಗಗನಯಾತ್ರಿಯ ಮೈಯಲ್ಲೂ ಇರುವುದಿಲ್ಲ ಎಂದು ಹೇಳಿ. ಕಾಲಿನ ಕಡೆಗಿದ್ದ ರಕ್ತ, ನೀರು ತಲೆಯತ್ತ ಸರಿಯುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಕಾಲು ಸಣ್ಣಗಾಗುತ್ತದೆ. ಭಾರ ಹೊರುವ ಕೆಲಸ ತಪ್ಪಿದ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯಬಹುದು. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ನಿಲ್ದಾಣದಿಂದ ಭೂಮಿಗೆ ಮರಳಿದ ಮೇಲೆ, ಇಲ್ಲೂ ತೇಲುತ್ತದೆ ಎಂದುಕೊಂಡು ಲ್ಯಾಪ್‌ಟಾಪನ್ನು ಹಾಸಿಗೆ ಪಕ್ಕದಲ್ಲಿ ಕೈಬಿಟ್ಟಿದ್ದರು. ಅದು ಕೆಳಗೆ ಬಿತ್ತು. ಅವರು ನಿಲ್ದಾಣದಲ್ಲಿ ಇದ್ದದ್ದು ಬರೀ 18 ದಿನ. ತಿಂಗಳುಗಟ್ಟಲೆ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೇ ಕೊಡಬೇಕು. ಟ್ರೆಡ್‌ಮಿಲ್ ಮೇಲೆ ಓಡಬೇಕಾದರೂ ಮೈಗೆ ಪಟ್ಟಿ ಬಿಗಿದು ತಮ್ಮನ್ನು ಕೆಳಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಹೆಜ್ಜೆಗೇ ಮೇಲಕ್ಕೆ ಹೋಗಿಬಿಡುತ್ತಾರೆ.